ಕೊನೆಯ ಡಬ್ಬಿ ದಾಟುವವರೆಗೆ

ನನ್ನ ತಂದೆ ಮೂವತ್ತೊಂದು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಹೊಸಪೇಟೆಯ ಕಡೆಯಿಂದ ಗೋವೆಯ ಬಂದರಿಗೆ ಹೋಗುವ ಅದಿರಿನ ಗಾಡಿಗಳನ್ನು ಹುಬ್ಬಳ್ಳಿಯಿಂದ ಕ್ಯಾಸಲ್‌ರಾಕ್‌ವರೆಗೆ ಒಯ್ಯುವುದು, ಅಲ್ಲಿಂದ ಇನ್ನೊಂದು ಗಾಡಿಯ ಹಿಂದಿನ ಡಬ್ಬಿಯಲ್ಲಿ ಕೂತು ಮರಳಿ ಬರುವುದು ಅವರ ಕೆಲಸವಾಗಿತ್ತು. ನಮ್ಮ ಕ್ವಾರ್ಟರ್ಸಿನ ಹಿತ್ತಿಲಿಗೆ ಹೊಂದಿಕೊಂಡೇ ಹಳಿಗಳಿದ್ದವು. ಎಂಜಿನ್ ದಾಟಿದ ಕೂಡಲೇ ಮತ್ತೆ ಆಟಕ್ಕೆ ಓಡುತ್ತಿದ್ದ ನಮ್ಮನ್ನು ಅಪ್ಪ ತಡೆದು ನಿಲ್ಲಿಸುತ್ತಿದ್ದರು. ಗಾಡಿ ನೋಡುವುದೆಂದರೆ ಕೊನೆಯ ಡಬ್ಬಿ ದಾಟುವವರೆಗೂ ನೋಡುವುದು; ಯಾವ ಗಾಲಿಯ ಬಳಿ ಹೊಗೆ ಏಳುತ್ತಿದೆ, ಎಲ್ಲಿ ಏನು ಜೋತುಬಿದ್ದಿದೆ, ಕಟ್ಟಕಡೆಗೆ ‘ಎಲ್‌ವಿ’ (‘ಲಾಸ್ಟ್ ವೆಹಿಕಲ್’, ಅಂದರೆ ಕೊನೆಯ ಡಬ್ಬಿ) ಎಂದು ಬರೆದ ಹಲಗೆ ಇದೆಯೋ ಇಲ್ಲವೋ ಎಂಬುದನ್ನು ಗಮನಿಸುವುದು ಎಂದು ಅವರು ಹೇಳುತ್ತಿದ್ದರು. ಆ ಹಲಗೆ ಕಾಣದಿದ್ದರೆ ಗಾಡಿಯ ಒಂದು ತುಂಡು ಹಿಂದೆಲ್ಲೋ ಕಳಚಿಕೊಂಡು ಉಳಿದಿರಬಹುದು ಎಂದು ತಿಳಿಯಬೇಕು.

ನಾನೀಗ ಹನ್ನೊಂದು ವರ್ಷಗಳಿಂದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ವಾರವಿಡೀ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ರಜೆ ಸಿಕ್ಕರೆ ಕ್ಯಾಮೆರಾ ಹಿಡಿದು ಮೊಹಾವಿ ಮರುಭೂಮಿಯ ಕಡೆಗೆ ಹೋಗುತ್ತೇನೆ. ಅಲ್ಲಿ ಲಾಸ್ ಏಂಜಲೀಸ್ ಮತ್ತು ಶಿಕಾಗೋ ನಗರಗಳ ನಡುವೆ ಓಡುವ ಬಿಎನ್‌ಎಸ್‌ಎಫ್ ಕಂಪನಿಯ ಜೋಡಿಹಳಿಯ ಮಾರ್ಗವಿದೆ. ಅದರ ಬದಿಗೇ ‘ರೂಟ್ 66’ ಎಂಬ ಹಳೆಯ ಹೆದ್ದಾರಿಯಿದೆ. ಆ ಹೆದ್ದಾರಿಯ ಬದಿಗೆ ಜನ ಬಿಟ್ಟುಹೋದ ಊರುಗಳಿವೆ. ಕಳೆದ ನವೆಂಬರಿನ ಒಂದು ಶನಿವಾರ ನಸುಕಿನ ಮೂರು ಗಂಟೆಗೆ ನಾನು ಮನೆ ಬಿಟ್ಟದ್ದು ಅಂಥ ಒಂದು ಊರಾದ ಆಂಬಾಯ್‌ಗೆ.

ಟ್ವೆಂಟಿನೈನ್ ಪಾಮ್ಸ್ ಊರಿನ ದೀಪಗಳು ಹಿಂದಾದ ಮೇಲೆ ಮುಂದೆ ಬರಿಯ ಕತ್ತಲೆ. ಶೀಪ್‌ಹೋಲ್ ಬೆಟ್ಟದ ಕಣಿವೆ ಹತ್ತಿ ಇಳಿಯುವಾಗ ಪೂರ್ವದಲ್ಲಿ ಬೆಳಕು ಒಡೆಯುತ್ತಿತ್ತು. ಕೆಳಗೆ ಬ್ರಿಸ್ಟಲ್ ಎಂಬ ಒಣ ಸರೋವರದ ತಳ ಹಾಸಿಕೊಂಡಿತ್ತು. ರಸ್ತೆ ಆ ಉಪ್ಪಿನ ಬಯಲನ್ನು ಸೀಳಿಕೊಂಡೇ ಹೋಗುತ್ತದೆ. ಎರಡೂ ಕಡೆ ಉಪ್ಪುನೀರು ಇಂಗಿಸಿ ಲವಣ ತೆಗೆಯಲು ತೋಡಿದ ಉದ್ದುದ್ದ ಕಾಲುವೆಗಳು, ಅವುಗಳ ದಂಡೆಯ ಮೇಲೆ ಬಿಳಿಯ ಗುಡ್ಡೆಗಳು. ಅದರಾಚೆ ಉತ್ತರದಲ್ಲಿ ಒಂದು ದೀಪ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯುತ್ತಿತ್ತು. ಅದು ಆ ದಿನ ನಾನು ಕಂಡ ಮೊದಲ ಗಾಡಿ. ಅದರ ಸದ್ದು ಮಾತ್ರ ಅಷ್ಟು ದೂರಕ್ಕೆ ಕೇಳುತ್ತಿರಲಿಲ್ಲ.

ಆಂಬಾಯ್ ಹುಟ್ಟಿದ್ದು ರೈಲಿನಿಂದ. 1883ರಲ್ಲಿ ಈ ಮರುಭೂಮಿಯಲ್ಲಿ ಹಳಿ ಹಾಸಿದಾಗ ನಿಲ್ದಾಣಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಡುತ್ತಾ ಹೋದರು: ಆಂಬಾಯ್, ಬ್ರಿಸ್ಟಲ್, ಕೇಡಿಜ್, ಡ್ಯಾನ್ಬಿ, ಹೀಗೆ ಫೆನರ್, ಗಾಫ್ಸ್‌ವರೆಗೆ. ಯಾರೂ ನೆಲೆಸಿರದ ನೆಲದಲ್ಲಿ ಇಷ್ಟು ನಿಲ್ದಾಣಗಳು ಬೇಕಾದದ್ದು ಜನರಿಗಾಗಿ ಅಲ್ಲ, ಉಗಿ ಎಂಜಿನ್ನಿಗಾಗಿ. ಅದಕ್ಕೆ ಆಗಾಗ ನೀರು ಬೇಕು, ನೀರು ತುಂಬಿಸುವವರು ಬೇಕು, ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಬೇಕು. ವಿಚಿತ್ರವೆಂದರೆ ಇಲ್ಲಿ ನೀರೇ ಇರಲಿಲ್ಲ. ಇದೇ ಮಾರ್ಗದ ಲಡ್ಲೋ ಎಂಬ ಊರಿಗೆ ಪಶ್ಚಿಮದ ನ್ಯೂಬರಿ ಸ್ಪ್ರಿಂಗ್ಸ್‌ನಿಂದ ಟ್ಯಾಂಕರ್ ಡಬ್ಬಿಗಳಲ್ಲಿ ನೀರು ತರುತ್ತಿದ್ದರು. ಆಗ ಈ ಮಾರ್ಗವನ್ನು ನಡೆಸುತ್ತಿದ್ದ ಸಾಂಟಾ ಫೆ ಕಂಪನಿ 1940ರ ದಶಕದ ಆರಂಭದಲ್ಲೇ ಗೂಡ್ಸ್ ಗಾಡಿಗಳಿಗೆ ಡೀಸೆಲ್ ಎಂಜಿನ್ ಹೂಡಲು ಮುಂದಾದುದಕ್ಕೆ ಮರುಭೂಮಿಯ ಈ ನೀರಿನ ಕಷ್ಟವೇ ಒಂದು ಮುಖ್ಯ ಕಾರಣ. ಡೀಸೆಲ್ ಬಂದ ಮೇಲೆ ಗಾಡಿಗಳಿಗೆ ಇಲ್ಲಿ ನಿಲ್ಲುವ ಅಗತ್ಯವೇ ಇಲ್ಲವಾಯಿತು.

ಆಂಬಾಯ್ ಆಗಲೂ ಸಾಯಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ರಸ್ತೆ ಅದನ್ನು ಸಾಕುತ್ತಿತ್ತು. 1926ರಲ್ಲಿ ಗುರುತಿಸಲಾದ ರೂಟ್ 66 ಈ ಊರಿನ ನಡುವೆಯೇ ಹಾಯುತ್ತದೆ. 1938ರಲ್ಲಿ ರಾಯ್ ಕ್ರೌಲ್ ಎಂಬುವರು ಇಲ್ಲಿ ಪೆಟ್ರೋಲು ಅಂಗಡಿ ತೆರೆದರು. ಅವರ ಅಳಿಯ ಬಸ್ಟರ್ ಬರಿಸ್ ಅದನ್ನು ಊಟದ ಮನೆ, ಗ್ಯಾರೇಜು, ತಂಗುವ ಕೋಣೆಗಳಿರುವ ‘ರಾಯ್ಸ್ ಮೋಟೆಲ್ ಅಂಡ್ ಕೆಫೆ’ಯಾಗಿ ಬೆಳೆಸಿದರು. 1959ರಲ್ಲಿ ಎತ್ತಿ ನಿಲ್ಲಿಸಿದ, ಕೆಂಪು ಬಾಣದಂತೆ ನೆಲದತ್ತ ಚಾಚಿದ ಅದರ ಎತ್ತರದ ಫಲಕ ಇಂದಿಗೂ ಹಾಗೆಯೇ ಇದೆ. 1973ರಲ್ಲಿ ಉತ್ತರಕ್ಕೆ ಅಂತರರಾಜ್ಯ ಹೆದ್ದಾರಿ 40 ತೆರೆದುಕೊಂಡಿತು. ವಾಹನಗಳೆಲ್ಲ ಅತ್ತ ತಿರುಗಿದವು. ಮೋಟೆಲ್ಲಿನ ಕೋಣೆಗಳು ಖಾಲಿಯಾದವು. ಶಾಲೆ 1999ರಲ್ಲಿ ಮುಚ್ಚಿತು. 2005ರಲ್ಲಿ ಆಲ್ಬರ್ಟ್ ಒಕೂರ ಎಂಬ ಹೋಟೆಲ್ ಉದ್ಯಮಿ ಇಡೀ ಊರನ್ನೇ ನಾಲ್ಕೂಕಾಲು ಲಕ್ಷ ಡಾಲರಿಗೆ ಕೊಂಡು, 2019ರಲ್ಲಿ ಆ ಫಲಕದ ದೀಪಗಳನ್ನು ಮತ್ತೆ ಹೊತ್ತಿಸಿದರು. 2023ರಲ್ಲಿ ಅವರು ತೀರಿಕೊಂಡರು. ನಾನು ಹೋದಾಗ ಅಲ್ಲಿ ಪೆಟ್ರೋಲು ಸಿಗುತ್ತಿತ್ತು, ತಣ್ಣನೆಯ ಸೋಡಾ ಸಿಗುತ್ತಿತ್ತು, ಮಲಗಲು ಕೋಣೆ ಸಿಗುತ್ತಿರಲಿಲ್ಲ.

ನಾನು ಬಯಸಿದ ಚಿತ್ರ ಒಂದೇ. ಕಂಟೇನರಿನ ಮೇಲೆ ಕಂಟೇನರ್ ಹೇರಿದ ಗಾಡಿ ಸುಮಾರು ಇಪ್ಪತ್ತು ಅಡಿ ಎತ್ತರವಿರುತ್ತದೆ. ಅದು ನಡುವೆ ಹಾದರೆ ಮೋಟೆಲ್ಲು, ಗ್ಯಾರೇಜು, ಶಾಲೆ ಎಲ್ಲವೂ ಮರೆಯಾಗಿ ಆ ಫಲಕ ಮಾತ್ರ ಗಾಡಿಯ ತಲೆಯ ಮೇಲೆ ಉಳಿಯಬೇಕು. ಈ ಊರಿಗೆ ಏನಾಯಿತೆಂಬುದನ್ನು ಅದಕ್ಕಿಂತ ಸರಿಯಾಗಿ ಹೇಳುವ ಚಿತ್ರ ನನಗೆ ಹೊಳೆದಿರಲಿಲ್ಲ. ಇದಕ್ಕೆ ಹಳಿಯ ದಕ್ಷಿಣ ಬದಿಯಲ್ಲಿ ನಿಲ್ಲಬೇಕು. ಉತ್ತರದ ಹೆದ್ದಾರಿಯ ಬದಿಯಲ್ಲಿ ನಿಂತರೆ ಚಳಿಗಾಲದ ಸೂರ್ಯ ದಿನವಿಡೀ ಎದುರಿಗೇ ಇರುತ್ತಾನೆ. ಹಾಗೆಂದು ಹಳಿಯ ಪಕ್ಕದ ಜಲ್ಲಿಯ ಮೇಲೆ ಕಾಲಿಡುವಂತಿಲ್ಲ. ಇಲ್ಲಿ ರೈಲುಮಾರ್ಗ ಕಂಪನಿಯ ಖಾಸಗಿ ಆಸ್ತಿ. ಆ ಮಾತನ್ನು ನಾನು ಕಾನೂನಿಗಾಗಿ ಮಾತ್ರವಲ್ಲದೆ ಗಾಡಿ ನಡೆಸುವವರಿಗಾಗಿಯೂ ಪಾಲಿಸುತ್ತೇನೆ. ಹಳಿಯ ಮೇಲೆ ಮನುಷ್ಯಾಕೃತಿ ಕಂಡ ಚಾಲಕನ ಎದೆ ಹೇಗಾಗುತ್ತದೆ ಎಂಬುದನ್ನು ಅಪ್ಪ ಒಮ್ಮೆ ಮಾತ್ರ, ಅದೂ ಊಟ ಬಿಟ್ಟು ಎದ್ದ ಒಂದು ರಾತ್ರಿ, ಹೇಳಿದ್ದರು. ಆದ್ದರಿಂದ ಸಾರ್ವಜನಿಕ ರಸ್ತೆ ಹಳಿಯನ್ನು ದಾಟುವ ಗೇಟಿನಿಂದ ದೂರಕ್ಕೆ, ರಸ್ತೆಯಂಚಿನಲ್ಲಿ ಟ್ರೈಪಾಡ್ ಊರಿ, ಇನ್ನೂರು ಮಿಲಿಮೀಟರಿನ ಲೆನ್ಸ್ ಹಾಕಿ ಪಶ್ಚಿಮಕ್ಕೆ ಮುಖಮಾಡಿ ನಿಂತೆ.

ಏಳೂವರೆಯ ಸುಮಾರಿಗೆ ಪಶ್ಚಿಮದ ಇಳಿಜಾರಿನಲ್ಲಿ ಒಂದು ಬೆಳಕಿನ ಚುಕ್ಕಿ ಕಂಡಿತು. ಮರುಭೂಮಿಯಲ್ಲಿ ಗಾಡಿ ಕಂಡ ಮೇಲೂ ಬರಲು ಕಾಲು ಗಂಟೆ ಹಿಡಿಯುತ್ತದೆ. ಒಂದು ಚುಕ್ಕಿ ಮೂರಾಯಿತು, ಮೇಲೊಂದು ಕೆಳಗೆರಡು. ಆಮೇಲೆ ಅದರ ಹಿಂದೆ ಕಿತ್ತಳೆ ಬಣ್ಣ ಮೂಡಿತು. ಆಮೇಲೆ ಕೂಗು ಕೇಳಿತು, ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಬೆಳಗಿನ ಬಿಸಿಲು ನೇರವಾಗಿ ಎಂಜಿನ್ನಿನ ಮುಖಕ್ಕೆ ಬಿದ್ದಿತ್ತು. ನಾನು ಒಂದೇ ಸಮನೆ ಒತ್ತಿದೆ. ನಾಲ್ಕು ಎಂಜಿನ್ನುಗಳು ನೆಲ ನಡುಗಿಸುತ್ತಾ ದಾಟಿದವು. ನಾನು ತಲೆ ತಗ್ಗಿಸಿ, ಫೋಕಸ್ ಸರಿಯಾಗಿದೆಯೇ ಎಂದು ಕ್ಯಾಮೆರಾದ ಪರದೆಯಲ್ಲಿ ಚಿತ್ರಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡತೊಡಗಿದೆ. ತಲೆ ಎತ್ತಿದಾಗ ಗಾಡಿ ಮುಗಿದುಹೋಗಿತ್ತು. ಕಂಟೇನರುಗಳ ಮೇಲೆ ಫಲಕ ನಿಂತ ಆ ಎರಡು ನಿಮಿಷಗಳನ್ನು, ನಾನು ಯಾವುದಕ್ಕಾಗಿ ನಿದ್ದೆಗೆಟ್ಟು ಮುನ್ನೂರು ಕಿಲೋಮೀಟರ್ ಬಂದಿದ್ದೆನೋ ಆ ಎರಡು ನಿಮಿಷಗಳನ್ನೇ, ಪರದೆ ನೋಡುತ್ತಾ ಕಳೆದಿದ್ದೆ. ನನಗೆ ಬಹಳ ನೋವಾಯಿತು. ಎಂಜಿನ್ ದಾಟಿದ ಕೂಡಲೇ ಆಟಕ್ಕೆ ಓಡುತ್ತಿದ್ದ ಮಗುವಿನಲ್ಲಿ ಇಷ್ಟು ವರ್ಷಗಳಲ್ಲಿ ಏನೂ ಬದಲಾಗಿರಲಿಲ್ಲ.

ಪೂರ್ವಕ್ಕೆ ಹೋಗುವ ಮುಂದಿನ ಗಾಡಿಗೆ ಎರಡೂವರೆ ಗಂಟೆ ಕಾಯಬೇಕಾಯಿತು. ನಡುವೆ ಪಶ್ಚಿಮಕ್ಕೆ ಮೂರು ಗಾಡಿಗಳು ಏರು ಹತ್ತುತ್ತಾ ಹೋದವು. ಅವುಗಳ ಮುಖ ನೆರಳಿನಲ್ಲಿದ್ದುದರಿಂದ ಕ್ಯಾಮೆರಾ ಮುಟ್ಟದೆ ಬರಿಗಣ್ಣಿನಿಂದಲೇ ಕೊನೆಯವರೆಗೆ ನೋಡಿದೆ. ಜೊತೆಗಿದ್ದ ರೇಡಿಯೊ ಸ್ಕ್ಯಾನರಿನಲ್ಲಿ ಪ್ರತಿ ಗಾಡಿ ದಾಟಿದ ಮೇಲೂ ಒಂದು ಯಂತ್ರದ ದನಿ ಮಾತಾಡುತ್ತಿತ್ತು. ಹಳಿಯ ಪಕ್ಕ ಅಲ್ಲಲ್ಲಿ ನೆಟ್ಟಿರುವ ಪತ್ತೆಯಂತ್ರಗಳು ದಾಟುವ ಪ್ರತಿ ಆಕ್ಸಲಿನ ಬಿಸಿಯನ್ನು ಅಳೆದು, ದೋಷವಿಲ್ಲ, ಒಟ್ಟು ಆಕ್ಸಲ್ ಇಷ್ಟು ಎಂದು ಚಾಲಕನಿಗೆ ಹೇಳುತ್ತವೆ. ಅಪ್ಪ ತಿರುವುಗಳಲ್ಲಿ ಡಬ್ಬಿಯಿಂದ ಅರ್ಧ ಮೈ ಹೊರಚಾಚಿ, ಹಸಿರು ಬಾವುಟ ಹಿಡಿದು ಹೇಳುತ್ತಿದ್ದುದು ಇದನ್ನೇ. ಅಮೆರಿಕದ ಗೂಡ್ಸ್ ಗಾಡಿಗಳಿಗೂ ಹಿಂದೆ ಅಂಥ ಡಬ್ಬಿ ಇತ್ತು, ಅದರಲ್ಲಿ ಒಲೆ, ಹಾಸಿಗೆ, ಗಾಡಿಯ ಉದ್ದಕ್ಕೂ ಕಣ್ಣಿಡಲು ಎತ್ತರದ ಕಿಟಕಿ ಇರುತ್ತಿತ್ತು. 1980ರ ದಶಕದಿಂದ ಅದನ್ನು ಕಳಚಿ ಹಾಕುತ್ತಾ ಬಂದರು. ಈಗ ಮೂರು ಕಿಲೋಮೀಟರ್ ಉದ್ದದ ಗಾಡಿಯಲ್ಲಿ ಇರುವವರು ಮುಂದಿನ ಎಂಜಿನ್ನಿನ ಇಬ್ಬರು ಮಾತ್ರ.

ಹತ್ತೂ ಕಾಲಿಗೆ ಬಂದ ಗಾಡಿಯ ಚಿತ್ರ ನನಗೆ ಸಿಕ್ಕಿತು. ಬಿಸಿಲು ಗಟ್ಟಿಯಾಗಿತ್ತು, ದೂರದ ಹಳಿಯ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿತ್ತು, ಫಲಕದ ಕೆಂಪು ತುಸು ಮಾಸಿದಂತೆ ಕಾಣುತ್ತದೆ. ಬೆಳಗಿನ ಚಿತ್ರದ ಸೊಗಸು ಇದಕ್ಕೆ ಬರಲಿಲ್ಲವೆಂದು ಒಪ್ಪುತ್ತೇನೆ. ಆದರೆ ಈ ಸಲ ನಾನು ಕಣ್ಣು ತೆಗೆಯಲಿಲ್ಲ. ಕೊನೆಯ ಡಬ್ಬಿ ಗೇಟು ದಾಟುವಾಗ ಅದರ ಬೆನ್ನನ್ನೂ ತೆಗೆದುಕೊಂಡೆ: ಕೊಕ್ಕೆಗೆ ಸಿಕ್ಕಿಸಿದ, ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಪೆಟ್ಟಿಗೆ, ಅದರಿಂದ ಬ್ರೇಕಿನ ಗಾಳಿಕೊಳವೆಗೆ ಹೋದ ಒಂದು ಮೆದುಕೊಳವೆ, ಮೇಲೊಂದು ದೀಪ. ಬಾಲದ ಕಡೆ ಗಾಳಿಯ ಒತ್ತಡ ಎಷ್ಟಿದೆ ಎಂದು ಮುಂದಿನ ಎಂಜಿನ್ನಿಗೆ ರೇಡಿಯೊ ಮೂಲಕ ತಿಳಿಸುವ ಪೆಟ್ಟಿಗೆ ಅದು.

ಮಧ್ಯಾಹ್ನ ಹಳೆಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟೆ. ಬ್ಯಾಗ್ಡಾಡ್ ಎಂಬ ಊರಿದ್ದ ಜಾಗ ದಾರಿಯಲ್ಲಿ ಬರುತ್ತದೆ. 1912ರ ಅಕ್ಟೋಬರಿನಿಂದ 1914ರ ನವೆಂಬರಿನವರೆಗೆ 767 ದಿನ ಒಂದು ಹನಿಯೂ ಬೀಳದೆ ಈ ದೇಶದ ದಾಖಲೆಯಲ್ಲಿ ಸೇರಿದ ಊರು ಅದು. ಈಗ ಅಲ್ಲಿ ಚಿತ್ರ ತೆಗೆಯಲು ಒಂದು ಗೋಡೆಯೂ ಇಲ್ಲ.

ಲಡ್ಲೋ ತಲುಪಿದಾಗ ಮೂರೂವರೆ. ಇಲ್ಲಿಂದ ಉತ್ತರಕ್ಕೆ ಬೋರಾಕ್ಸ್ ಗಣಿಗಳ ಕಡೆಗೆ ಟೋನೋಪಾ ಅಂಡ್ ಟೈಡ್‌ವಾಟರ್ ಎಂಬ ಇನ್ನೊಂದು ರೈಲು ಹೋಗುತ್ತಿತ್ತು. 1940ರಲ್ಲಿ ಅದು ನಿಂತಿತು, ಯುದ್ಧದ ಕಾಲದಲ್ಲಿ ಹಳಿಗಳನ್ನೂ ಕಿತ್ತೊಯ್ದರು. ಹಳೆಯ ರಸ್ತೆಯ ಬದಿಯಲ್ಲಿ ಪಾಳುಬಿದ್ದ ಕಟ್ಟಡವೊಂದರ ಮುಂದೆ ಒಂದು ಗಂಟೆ ಕಳೆದೆ. ಒಳಗೆ ಹೋಗಲಿಲ್ಲ, ಸೂರು ಕುಸಿದ ಮನೆಗೂ ಒಡೆಯರಿರುತ್ತಾರೆ. ಕಿಟಕಿಯ ಚೌಕಟ್ಟಿನಿಂದಲೇ ಕಂಡದ್ದು ಸಾಕಾಯಿತು: ಗೋಡೆಯ ಬಣ್ಣ ಒಣಗಿದ ಎಲೆಯಂತೆ ಸುರುಳಿಯಾಗಿ ಎದ್ದಿತ್ತು, ಅದರಡಿಯಲ್ಲಿ ಇನ್ನೊಂದು ಬಣ್ಣ, ಅದರಡಿಯಲ್ಲಿ ಮತ್ತೊಂದು, ಬಾಗಿಲಿಲ್ಲದ ಚೌಕಟ್ಟಿನಲ್ಲಿ ತಿರುಗಣಿ ಮಾತ್ರ ಉಳಿದು, ಗಾಳಿ ಬೀಸಿದಾಗಲೆಲ್ಲ ಸಣ್ಣಗೆ ಕಿರುಗುಟ್ಟುತ್ತಿತ್ತು. ಇಂಥ ಕಡೆಗಳಿಗೆ ಬಂದವರು ಚಿತ್ರ ಚೆನ್ನಾಗಿ ಬರಲೆಂದು ಕುರ್ಚಿ ಎಳೆದು ಇಡುವುದನ್ನೂ, ನೆನಪಿಗೆಂದು ತುಂಡು ಮುರಿದು ಒಯ್ಯುವುದನ್ನೂ ನೋಡಿದ್ದೇನೆ. ಅದು ನನಗೆ ಸಹಿಸಲಾಗದ ಸಂಗತಿ. ಯಾರೋ ಒಬ್ಬರು ಮೂರು ಸಲ ಬಣ್ಣ ಬಳಿದು ನೋಡಿಕೊಂಡ ಗೋಡೆ ಅದು.

ಐದು ಗಂಟೆಗೆ ಕತ್ತಲಾಯಿತು. ಇಲ್ಲಿ ಫೋನು ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಭಾನುವಾರ ಬೆಳಿಗ್ಗೆ ಆರೂವರೆ, ಅಪ್ಪ ಚಹಾ ಕುಡಿದು ಕೂತಿರುವ ಹೊತ್ತು. ಚಿತ್ರಗಳನ್ನು ಕಳಿಸಿ ವಿಡಿಯೊ ಕರೆ ಮಾಡಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಹಿಗ್ಗಿಸಿ ನೋಡಿದರು. ಆಂಬಾಯ್ ಫಲಕದ ಬಗ್ಗೆ ಏನೂ ಹೇಳಲಿಲ್ಲ.

“ಹಿಂದ ಗಾರ್ಡ್ ಡಬ್ಬೀನ ಇಲ್ಲಲ್ಲೋ?”

“ಇಲ್ಲಪ್ಪಾ. ಆ ಪೆಟಿಗೀನ ಎಲ್ಲಾ ನೋಡ್ಕೋತದ.”

“ಮತ್ತ ದೀಪಾ ಹತ್ತೇ ಇಲ್ಲ?”

ಅದು ಬೆಳಕಿರುವಾಗ ಹೊತ್ತುವುದಿಲ್ಲ, ಕತ್ತಲಾದ ಕೂಡಲೇ ತಾನಾಗಿ ಮಿನುಗಲು ತೊಡಗುತ್ತದೆ ಎಂದು ವಿವರಿಸುತ್ತಿದ್ದಂತೆಯೇ ಗೇಟಿನ ಗಂಟೆ ಬಾರಿಸಿತು. ನಾನು ಮಾತು ನಿಲ್ಲಿಸಿ ಫೋನನ್ನು ಹಳಿಯ ಕಡೆಗೆ ತಿರುಗಿಸಿ ಹಿಡಿದೆ. ಪರದೆಯಲ್ಲಿ ಅವರಿಗೆ ಕಂಡಿರಬಹುದಾದದ್ದು ಮೂರು ದೀಪಗಳು ಮತ್ತು ಆಮೇಲೆ ಹರಿಯುವ ಕತ್ತಲೆ, ಅಷ್ಟೇ. ಗಾಡಿ ಉದ್ದವಿತ್ತು. ನನ್ನ ತೋಳು ನೋಯತೊಡಗಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಕೊನೆಗೆ ಕೆಂಪು ದೀಪವೊಂದು ಮಿನುಗುತ್ತಾ ನಮ್ಮೆದುರು ಹಾದು, ಪೂರ್ವದ ಕತ್ತಲೆಯಲ್ಲಿ ಸಣ್ಣದಾಗುತ್ತಾ ಹೋಯಿತು.

“ಹತ್ತೇತಿ,” ಎಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, “ಊಟಾ ಮಾಡೀಯಿಲ್ಲೋ?” ಎಂದು ಕೇಳಿದರು.