23 ಬ್ಲಾಕ್ ಎತ್ತರದ ಗೋಪುರ

ಮಳೆ ಬಿಡದ ಒಂದು ಭಾನುವಾರ ಅಕ್ಕನ ಮಗನ ಜೊತೆ ಮೈನ್‌ಕ್ರಾಫ್ಟ್ ಎಂಬ, ಬ್ಲಾಕ್ ಜೋಡಿಸಿ ಕಟ್ಟುವ ವಿಡಿಯೋ ಗೇಮ್ ಆಡುತ್ತಾ ಕೂತಿದ್ದೆ. ಕಲ್ಲಿನ ಗೋಪುರ ಆಗಷ್ಟೇ ಮುಗಿದಿತ್ತು. ಮೈತುಂಬ ಕಬ್ಬಿಣದ ಕವಚ ಇದೆಯಲ್ಲ ಎಂಬ ಧೈರ್ಯದಲ್ಲಿ ತುದಿಯಿಂದ ಹಾರಿಬಿಟ್ಟೆ. ನೆಲ ಮುಟ್ಟಿದ್ದೇ ತಡ, ಪರದೆ ಕೆಂಪಾಯಿತು. ಜೀವ ಎಷ್ಟಿದೆ ಎಂದು ತೋರಿಸುವ ಹತ್ತೂ ಹೃದಯ ಖಾಲಿ.

"ಕವಚ ಇರೋದು ಕತ್ತಿ, ಬಾಣಕ್ಕೆ ಮಾಮ. ಬೀಳೋದಕ್ಕಲ್ಲ. ಬೇಗ ಬಾ, ನಿನ್ನ ಸಾಮಾನೆಲ್ಲ ಇಲ್ಲೇ ಬಿದ್ದಿದೆ. 5 ನಿಮಿಷ ಆದ್ರೆ ಮಾಯ ಆಗುತ್ತೆ!"

ಆಟದಲ್ಲಿ ಮತ್ತೆ ಹುಟ್ಟಿ, ಓಡಿ ಬಂದು ಎಲ್ಲ ಎತ್ತಿಕೊಂಡೆ. ಆಮೇಲೆ ಅವನು ಲೆಕ್ಕ ಹೇಳಿಕೊಟ್ಟ. 10 ಹೃದಯ ಅಂದರೆ 20 ಅಂಕ. ಮೊದಲ 3 ಬ್ಲಾಕ್ ಬಿದ್ದರೆ ಏನೂ ಆಗುವುದಿಲ್ಲ. ಅಲ್ಲಿಂದ ಮುಂದೆ ಬ್ಲಾಕಿಗೆ ಅರ್ಧ ಹೃದಯ. ನಮ್ಮ ಗೋಪುರ ಸರಿಯಾಗಿ 23 ಬ್ಲಾಕ್.

"ಹಾಗಾದ್ರೆ 22ರಿಂದ ಬಿದ್ದರೆ ಬದುಕಬೇಕು, ಅಲ್ವಾ?"

ಅವನು ಮೇಲಿನ ಒಂದು ಸಾಲು ಕಿತ್ತ. ನಾನು ಮತ್ತೆ ಹಾರಿದೆ. ಬದುಕಿದೆ! ಪರದೆಯ ಮೇಲೆ ಅರ್ಧ ಹೃದಯ ಉಳಿದಿತ್ತು. ಸುಮ್ನೆ ಇರಲಿಲ್ಲ, ಗಡಗಡ ನಡುಗುತ್ತಿತ್ತು. ಜೀವ ತೀರ ಕಡಿಮೆ ಆದಾಗ ಈ ಆಟದಲ್ಲಿ ಹೃದಯಗಳು ಹಾಗೆ ನಡುಗುತ್ತವೆ. ಅದನ್ನು ನೋಡುತ್ತಾ ನಾನೂ ಉಸಿರು ಬಿಗಿ ಹಿಡಿದಿದ್ದೆ.

ಎಷ್ಟೋ ಆಟಗಳಲ್ಲಿ ಏಟು ತಿಂದವರು ಗೋಡೆ ಮರೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಜೀವ ತಾನಾಗಿ ತುಂಬುತ್ತದೆ. ಇಲ್ಲಿ ಹೊಟ್ಟೆ ತುಂಬಿರಬೇಕು. ಹಸಿವಿನ ಪಟ್ಟಿಯಲ್ಲಿರುವ 10 ಕೋಳಿ ಕಾಲುಗಳಲ್ಲಿ 9 ತುಂಬಿದ್ದರೆ ಮಾತ್ರ ಗಾಯ ಮಾಯುತ್ತದೆ. ಹುಡುಗ ನನ್ನ ಕಡೆ ಬ್ರೆಡ್ ಎಸೆದ. ಒಂದು ಬ್ರೆಡ್ಡಿಗೆ 3 ಗೋಧಿ ಬೇಕು. ಆ ಗೋಧಿಯನ್ನು ಅವನೇ ನೀರಿನ ಪಕ್ಕ ಬಿತ್ತಿ ಬೆಳೆದಿದ್ದ. ಬ್ರೆಡ್ ತಿಂದು ಕಾದೆ. ಹೃದಯಗಳು ಅರ್ಧರ್ಧವಾಗಿ ಮರಳಿ ಬಂದವು. ಜೀವಕ್ಕೂ ಹೊಲಕ್ಕೂ ಹೀಗೆ ಗಂಟು ಹಾಕಿದ್ದು ನನಗೆ ತುಂಬ ಇಷ್ಟವಾಯಿತು.

"ಇನ್ನೊಂದು ತೋರಿಸ್ತೀನಿ" ಅಂತ ಅವನು 9 ಗೋಧಿ ಸೇರಿಸಿ ಹುಲ್ಲಿನ ಪೆಂಡಿ ಮಾಡಿದ. ಗೋಪುರದ ಬುಡದಲ್ಲಿ ಇಟ್ಟ. ಕಿತ್ತ ಸಾಲನ್ನು ಮತ್ತೆ ಕಟ್ಟಿದ. ನನಗೆ ಅಜ್ಜಿ ಮನೆಯ ಬಣವೆ ನೆನಪಾಯಿತು. ಸುಗ್ಗಿ ಮುಗಿದ ಮೇಲೆ ಕೊಟ್ಟಿಗೆ ಮಾಡಿನಿಂದ ಅದರ ಮೇಲೆ ಹಾರುತ್ತಿದ್ದೆವು. ಮೈಯೆಲ್ಲ ತುರಿಕೆ, ಆದರೆ ಒಂದು ದಿನವೂ ಪೆಟ್ಟಾಗಲಿಲ್ಲ.

ಪೆಂಡಿಗೆ ಗುರಿಯಿಟ್ಟು ಹಾರಿದೆ. ಹೋಗಿದ್ದು 2 ಹೃದಯ ಮಾತ್ರ. ತಲೆ ಎತ್ತಿ ನೋಡುವಷ್ಟರಲ್ಲಿ ಹುಡುಗ ಏಣಿ ಹತ್ತುತ್ತಿದ್ದ.

"ಸರಿ ಮಾಮ, ಈಗ ನಾನು!"