ಎಲ್ಲಾ ಸೊನ್ನೆ ಬರೆದವನು

ಒಂಬತ್ತು ಪ್ರಶ್ನೆ. ಒಂಬತ್ತಕ್ಕೂ ಸೊನ್ನೆ. ಕೆಳಗೆ ಅವನ ಸಹಿ, ಪಕ್ಕದಲ್ಲಿ ನನ್ನದು. ಆ ಹಾಳೆ ಈಗ ಯಾವ ಫೈಲಿನಲ್ಲಿದೆಯೋ. ನನ್ನ ಕಣ್ಣಿಂದ ಮಾತ್ರ ಇನ್ನೂ ಹೋಗಿಲ್ಲ.

ಎಂಬಿಬಿಎಸ್ ಮುಗಿಸಿ ಶಾರ್ಟ್ ಸರ್ವೀಸ್ ಕಮಿಷನ್ ಮೇಲೆ ಎಎಂಸಿ, ಅಂದರೆ ಸೇನೆಯ ವೈದ್ಯಕೀಯ ದಳ, ಸೇರಿದ್ದೆ. ಕೆಲವೇ ತಿಂಗಳಲ್ಲಿ ಒಂದು ಇನ್‌ಫೆಂಟ್ರಿ ಪಲ್ಟನ್ನಿಗೆ ಆರ್‌ಎಂಒ, ಅಂದರೆ ಪಲ್ಟನ್ನಿನ ಡಾಕ್ಟರು, ಆಗಿ ಹಾಕಿದರು. ಉತ್ತರದಲ್ಲಿ ಒಂದು ಫೀಲ್ಡ್ ಜಾಗ. ಇಡೀ ಪಲ್ಟನ್ನಿಗೆ ನಾನೊಬ್ಬನೇ ಡಾಕ್ಟರು. ಸೈಕಿಯಾಟ್ರಿ ಅಂತ ನಾನು ಕಲಿತದ್ದು ಕಾಲೇಜಿನಲ್ಲಿ ಕೆಲವು ವಾರ ಮಾತ್ರ. ಜ್ವರ, ಕಾಲುನೋವು, ಚಳಿಗೆ ಒಡೆದ ಕೈ ನೋಡಲು ಬರುತ್ತಿತ್ತು. ಮನಸ್ಸು ನೋಡಲು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ವರ್ಷ ಮೇಲಿನಿಂದ ಆರ್ಡರ್ ಬಂತು. ರಜೆಯಿಂದ ವಾಪಸ್ ಬಂದ ಪ್ರತಿಯೊಬ್ಬನಿಗೂ ಎಫ್‌ಎಫ್‌ಐ (ಸೋಂಕು ಇಲ್ಲ ಅಂತ ನೋಡುವ ತಪಾಸಣೆ) ಜೊತೆಗೇ ಪಿಎಚ್‌ಕ್ಯೂ-9, ಅಂದರೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಯ ಫಾರಂ, ಮಾಡಿಸಬೇಕು. ತಿಂಗಳ ಕೊನೆಗೆ ರಿಟರ್ನ್, ಅಂದರೆ ಲೆಕ್ಕದ ವರದಿ, ಕಳಿಸಬೇಕು. ಎಷ್ಟು ಜನಕ್ಕೆ ಮಾಡಿದಿರಿ, ಎಷ್ಟು ಜನ ಪಾಸಿಟಿವ್. ಒಬ್ಬೊಬ್ಬರ ಜೊತೆ ಎಷ್ಟು ಹೊತ್ತು ಕೂತಿರಿ ಅಂತ ಕೇಳುವ ಕಾಲಂ ಅದರಲ್ಲಿ ಇರಲಿಲ್ಲ. ಬೇರೆ ಕೋಣೆ ಇದೆಯಾ, ಫಾರಂ ಅವನಿಗೆ ಓದಲು ಬರುವ ಭಾಷೆಯಲ್ಲಿದೆಯಾ, ಅದೂ ಇರಲಿಲ್ಲ.

ನಮ್ಮ ಎಂಐ ರೂಮಿನ (ರೋಗಿಗಳನ್ನು ನೋಡುವ ಕೋಣೆ) ಹೊರಗೆ ಒಂದು ಉದ್ದ ಬೆಂಚು. ರಜೆಯಿಂದ ಬಂದವರು ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಮೂರು ಪೆನ್ನು, ಕೈಯಿಂದ ಕೈಗೆ. 'ಜಲ್ದಿ ಭರೋ' ಅಂತ ಎನ್‌ಸಿಒ, ಅಂದರೆ ಸಿಪಾಯಿಗಳ ಮೇಲಿನವನು, ಕೂಗುತ್ತಿದ್ದ. ತಪ್ಪು ಅವನದ್ದಲ್ಲ. ಹತ್ತು ಗಂಟೆಗೆ ಅವರೆಲ್ಲ ಕಂಪನಿಗೆ ಹೋಗಬೇಕಿತ್ತು.

ಸೊನ್ನೆ ಬರೆದ ಹುಡುಗನ ವಿಷಯಕ್ಕೆ ಬರುವ ಮೊದಲು ಇನ್ನೊಬ್ಬನ ಬಗ್ಗೆ ಹೇಳಲೇಬೇಕು. ಅದಕ್ಕೆ ಮೂರು ವಾರ ಮುಂಚೆ ಒಬ್ಬ ಲ್ಯಾನ್ಸ್ ನಾಯಕ್ ಅದೇ ಬೆಂಚಿನ ಮೇಲೆ ಕೂತು ಪ್ರಾಮಾಣಿಕವಾಗಿ ಫಾರಂ ತುಂಬಿದ್ದ. ನಿದ್ದೆ ಬರಲ್ಲ, ಊಟ ಸೇರಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ. ಮೊತ್ತ 14. ಒಂಬತ್ತನೇ ಪ್ರಶ್ನೆಗೆ, ಅಂದರೆ ಸಾಯುವ ಯೋಚನೆಯ ಪ್ರಶ್ನೆಗೆ, ಸೊನ್ನೆ. ಹತ್ತು ಮುಟ್ಟಿದರೆ ಮುಂದೆ ವಿಚಾರಿಸಬೇಕು ಅಂತ ಇತ್ತು. ವಿಚಾರಿಸುವುದು ಅಂದರೆ ನಾನೇ ಕೂತು ಮಾತಾಡುವುದು ಅಂತ ನನಗೆ ಹೊಳೆಯಲಿಲ್ಲ. ಐದು ನಿಮಿಷ ಕೂಡ ಕೊಡದೆ ಸೈಕಿಯಾಟ್ರಿಸ್ಟ್‌ಗೆ ರೆಫರ್ ಮಾಡಿದೆ. ಸರಿಯಾದ ಕೆಲಸ ಮಾಡಿದೆ ಅಂತ ನಂಬಿದ್ದೆ.

ರೆಫರ್ ಅಂದಮೇಲೆ ಎಎಫ್‌ಎಂಎಸ್‌ಎಫ್-10 ಅನ್ನುವ ಫಾರಂ ಬೇಕು. ಅದನ್ನು ಸಿಒ, ಅಂದರೆ ಪಲ್ಟನ್ನಿನ ಮುಖ್ಯಸ್ಥರ, ಕಡೆಯಿಂದ ತುಂಬಿಸಬೇಕು. ಕುಡಿತ ಹೇಗೆ, ಕೆಲಸ ಹೇಗೆ, ನಡತೆ ಹೇಗೆ. ಕಾಯಿಲೆಯವನ ಕಾಗದ ಓದಿದರೆ ಆರೋಪಪಟ್ಟಿ ಓದಿದ ಹಾಗೆ ಇರುತ್ತದೆ. ಅದು ಕಂಪನಿಯಿಂದ ಆಫೀಸಿಗೆ, ಆಫೀಸಿನಿಂದ ಎಡ್ಜುಟೆಂಟ್ ಟೇಬಲ್ಲಿಗೆ ಹೋಗುವಷ್ಟರಲ್ಲಿ ಲಂಗರಿನಲ್ಲಿ ಚಪಾತಿ ಬೇಯಿಸುವವನಿಗೂ ವಿಷಯ ಗೊತ್ತಾಗಿತ್ತು. ಅವನು ಎಸ್-3 ಟಿ-24, ಅಂದರೆ ಮಾನಸಿಕ ಕಾರಣಕ್ಕೆ 24 ವಾರದ ಕೆಳಗಿನ ಮೆಡಿಕಲ್ ಕೆಟಗರಿ, ಆಗಿ ವಾಪಸ್ ಬಂದ. ಹತಿಯಾರ್ ಇಲ್ಲ, ಒಂಟಿ ಡ್ಯೂಟಿ ಇಲ್ಲ. ಮುಂದಿನ ತಿಂಗಳ ಕೇಡರ್ (ಪ್ರಮೋಷನ್‌ಗೆ ಬೇಕಾದ ತರಬೇತಿ) ಪಟ್ಟಿಯಿಂದ ಹೆಸರು ಹೋಯಿತು. ಅದಕ್ಕಾಗಿ ಅವನು ಒಂದು ವರ್ಷದಿಂದ ತಯಾರಿ ಮಾಡಿದ್ದ.

ಮರುವಾರದಿಂದ ನನ್ನ ಬೆಂಚಿನ ಫಾರಂಗಳೆಲ್ಲ ಸೊನ್ನೆ. ಒಂದೆರಡರಲ್ಲಿ 1. ಬೇರೇನೂ ಇಲ್ಲ. ರಿಟರ್ನಿನಲ್ಲಿ 'ಪಾಸಿಟಿವ್: ನಿಲ್' ಅಂತ ಬರೆದು ಕಳಿಸಿದೆ. ನನಗೆ ಅನುಮಾನ ಬರಬೇಕಿತ್ತು. ಎರಡು ತಿಂಗಳು ಮನೆಯಲ್ಲಿದ್ದು, ಹೆಂಡತಿ ಮಕ್ಕಳನ್ನು ಬಿಟ್ಟು, ಎರಡು ದಿನ ರೈಲಿನಲ್ಲಿ ಬಂದ ನಲವತ್ತು ಜನರಲ್ಲಿ ಒಬ್ಬನಿಗೂ ಒಂದು ರಾತ್ರಿ ನಿದ್ದೆ ಕೆಟ್ಟಿಲ್ಲ ಅಂದರೆ ನಂಬುವ ಮಾತಾ? ನಾನು ನಂಬಿದೆ. ಕೆಲಸ ಬೇಗ ಮುಗಿಯಿತಲ್ಲ, ಅದಕ್ಕೇ ನಂಬಿದೆ.

ಆ ನಲವತ್ತು ಜನರಲ್ಲಿ ಗದಗ ಕಡೆಯ ಒಬ್ಬ ಹುಡುಗನಿದ್ದ. ಸಿಪಾಯಿ, ಇಪ್ಪತ್ತೈದರ ಒಳಗಿನ ವಯಸ್ಸು. ತೂಕ ನೋಡಿದೆವು. ಕಾರ್ಡಿನಲ್ಲಿ 66 ಇತ್ತು, ಅಂದು 61. ಬೆಲ್ಟಿಗೆ ಹೊಸ ತೂತು ಕೊರೆದಿದ್ದ. ಅದನ್ನೂ ನೋಡಿದೆ. 'ಘರ್ ಪೇ ಖಾನಾ ನಹೀ ಮಿಲಾ ಕ್ಯಾ?' ಅಂದೆ. ಅವನು ಸ್ವಲ್ಪ ನಕ್ಕ. 'ಸಬ್ ಠೀಕ್ ಹೈ ನಾ?' 'ಸಬ್ ಠೀಕ್ ಹೈ, ಸಾಬ್.' ಸಹಿ ಹಾಕಿದೆ.

ಅವನು ನಮ್ಮ ರಾಜ್ಯದವನು ಅಂತ ನನಗೆ ಗೊತ್ತಿತ್ತು. ಆದರೂ ಕನ್ನಡದಲ್ಲಿ ಒಂದು ಮಾತು ಆಡಲಿಲ್ಲ. ಆಫೀಸರ್ ಆದವನು ತನ್ನ ಊರಿನವರಿಗೆ ಬೇರೆ, ಉಳಿದವರಿಗೆ ಬೇರೆ ಆಗಬಾರದು ಅಂತ ಮೊದಲ ದಿನವೇ ಹೇಳಿದ್ದರು. ಅದನ್ನು ಶಿಸ್ತಾಗಿ ಪಾಲಿಸುತ್ತಿದ್ದೆ. ಅದರ ಬಗ್ಗೆ ಹೆಮ್ಮೆಯೂ ಇತ್ತು.

ಆರನೇ ದಿನ ರಾತ್ರಿ ಹನ್ನೊಂದೂವರೆಗೆ ನನ್ನ ಬಾಗಿಲು ಬಡಿದರು. ನಮ್ಮ ನರ್ಸಿಂಗ್ ಅಸಿಸ್ಟೆಂಟ್, ಕೇರಳದ ಹವಾಲ್ದಾರರು. ನನಗಿಂತ ಹದಿನೈದು ವರ್ಷ ಜಾಸ್ತಿ ಸರ್ವೀಸ್ ಮಾಡಿದವರು. ಅವರ ಹಿಂದೆ ಆ ಹುಡುಗನ 'ಬಡ್ಡಿ', ಅಂದರೆ ಜೊತೆಗಾರ ಸಿಪಾಯಿ, ನಿಂತಿದ್ದ. ಅವನ ಅಂಗೈಯಲ್ಲಿ ಒಂದು ಕೈಗಡಿಯಾರ.

ಸಂಜೆ ಆ ಹುಡುಗ ಗಡಿಯಾರ ಬಿಚ್ಚಿ ಕೊಟ್ಟು, 'ಇದನ್ನ ನಮ್ಮ ತಮ್ಮನಿಗೆ ತಲುಪಿಸು' ಅಂದಿದ್ದನಂತೆ. ಯಾಕೆ ಅಂದರೆ ಸುಮ್ನೆ ಅಂದನಂತೆ. ಸಂಜೆ ಏಳಕ್ಕೆ ನಡೆದ ವಿಷಯ. ಬಡ್ಡಿ ಹನ್ನೊಂದರ ತನಕ ಅದನ್ನು ಜೇಬಿನಲ್ಲಿಟ್ಟುಕೊಂಡು ಒದ್ದಾಡಿದ್ದಾನೆ. ಹೇಳಿದರೆ ಗೆಳೆಯ ಕೆಟಗರಿ ಆಗುತ್ತಾನೆ. ಹೇಳದಿದ್ದರೆ? ಲ್ಯಾನ್ಸ್ ನಾಯಕನಿಗೆ ಆದದ್ದನ್ನು ಅವನು ನೋಡಿದ್ದ. ಆ ನಾಲ್ಕು ಗಂಟೆ ಅವನ ಬಾಯಿ ಕಟ್ಟಿದ್ದು ನಾನು.

ಆ ಹೊತ್ತಿಗೆ ಹುಡುಗ ಗಾರ್ಡ್ ರೂಮಿನಲ್ಲಿದ್ದ. ಹನ್ನೆರಡರಿಂದ ಎರಡು ಅವನ ಸಂತ್ರಿ ಡ್ಯೂಟಿ.

ನಾನು ಫೋನಿಗೆ ಕೈ ಹಾಕಿದೆ. ಗಾರ್ಡ್ ಕಮಾಂಡರನಿಗೆ ಹೇಳಿ ಅವನ ಹತಿಯಾರ್ ಕಿತ್ತುಕೊಳ್ಳಿ ಅನ್ನಬೇಕು ಅಂತ. ಹವಾಲ್ದಾರರು ನನ್ನ ಕೈ ಹಿಡಿದರು. ಒಬ್ಬ ಹವಾಲ್ದಾರ್ ಕ್ಯಾಪ್ಟನ್ನಿನ ಕೈ ಹಿಡಿಯುವುದು ನಮ್ಮಲ್ಲಿ ಇಲ್ಲ. 'ಸಾಬ್, ಗಲಾಟೆ ಬೇಡ. ಹತ್ತು ಜನ ಓಡಿ ಹೋದರೆ ಅವನು ಹೆದರುತ್ತಾನೆ. ಆಮೇಲೆ ಏನು ಮಾಡುತ್ತಾನೋ ಗೊತ್ತಿಲ್ಲ. ನಾನೇ ಹೋಗಿ ಕರ್ಕೊಂಡು ಬರ್ತೀನಿ' ಅಂದರು. ಗಾರ್ಡ್ ಕಮಾಂಡರ್ ಅವರಿಗೆ ಪರಿಚಯದವರು. ಫೋನಿನಲ್ಲಿ ಅವರೇ ಮೆಲ್ಲಗೆ ಮಾತಾಡಿದರು. ಹುಡುಗನ ರಕ್ತದ ಸ್ಲೈಡ್ ಕೆಟ್ಟಿದೆ, ಮತ್ತೆ ತೆಗೆಯಬೇಕು. ಅವನ ಜಾಗಕ್ಕೆ ಇನ್ನೊಬ್ಬನನ್ನು ಹಾಕಿ. ಹೊರಡುವ ಮುಂಚೆ ಹತಿಯಾರ್ ಎಂದಿನಂತೆ ಜಮಾ ಆಗಲಿ.

ಹೊರಟರು. ಗಾರ್ಡ್ ರೂಮು ಎಂಐ ರೂಮಿನಿಂದ ನಾನೂರು ಮೀಟರ್ ಇರಬಹುದು. ನಾನು ಎಂಐ ರೂಮಿನ ಮೆಟ್ಟಿಲ ಮೇಲೆ ನಿಂತೆ. ಅವರ ಟಾರ್ಚಿನ ಬೆಳಕು ಲೈನಿನ ಮೂಲೆ ತಿರುಗಿ ಮರೆಯಾಯಿತು. ಆಮೇಲೆ ಏನೂ ಕಾಣಲಿಲ್ಲ. ಜನರೇಟರ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಒಂದು ಸದ್ದಿಗೆ ಕಿವಿಗೊಟ್ಟು ನಿಂತಿದ್ದೆ. ಅದು ಬರಬಾರದು ಅಂತ ಬೇಡಿಕೊಳ್ಳುತ್ತಿದ್ದೆ. ಬಡ್ಡಿ ನನ್ನ ಪಕ್ಕದಲ್ಲೇ ನಿಂತು ಆ ಗಡಿಯಾರ ನೋಡುತ್ತಿದ್ದ. ಹನ್ನೆರಡಕ್ಕೆ ಎಂಟು ನಿಮಿಷ. ಐದು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. 61 ಕೇಜಿ, ಬೆಲ್ಟಿನ ಹೊಸ ತೂತು, ಆ ಸಣ್ಣ ನಗು, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಎಲ್ಲವನ್ನೂ ನೋಡಿದ್ದೆ. ನೋಡಿಯೂ ಸಹಿ ಹಾಕಿದ್ದೆ.

ಹನ್ನೆರಡು ದಾಟಿ ಮೂರು ನಿಮಿಷಕ್ಕೆ ಟಾರ್ಚು ಮೂಲೆ ತಿರುಗಿತು. ಎರಡು ಆಕಾರ. ಹುಡುಗನ ಕೈಯಲ್ಲಿ ಬಂದೂಕು ಇರಲಿಲ್ಲ.

ಒಳಗೆ ಕರೆದು ಕೂರಿಸಿದೆ. ಸ್ಲೈಡಿನ ಸುಳ್ಳನ್ನು ಮುಂದುವರಿಸಲು ಮನಸ್ಸು ಬರಲಿಲ್ಲ. ಬಾಯಿಂದ ಕನ್ನಡ ತಾನಾಗಿ ಬಂತು. 'ರಕ್ತಕ್ಕೆ ಅಲ್ಲ ಕಣಪ್ಪ ಕರೆಸಿದ್ದು. ನಿನ್ನ ಗಡಿಯಾರ ನೋಡಿ ಭಯ ಆಯ್ತು.'

ಅವನು ತಲೆ ಎತ್ತಿ ನೋಡಿದ. 'ಸರ್, ನೀವು ಕನ್ನಡದವ್ರೇನ್ರಿ?'

ಹನ್ನೊಂದು ತಿಂಗಳು ಒಂದೇ ಪಲ್ಟನ್ನಿನಲ್ಲಿದ್ದೆವು. ಅವನಿಗೆ ಗೊತ್ತೇ ಇರಲಿಲ್ಲ.

ಕೇಳಬೇಕಾದ ಪ್ರಶ್ನೆ ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾದೀತು ಅನ್ನುವ ಭಯ. ಅದು ತಪ್ಪು ಭಯ. ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಅಂತ ಸಂಶೋಧನೆಗಳು ಹೇಳುತ್ತವೆ. ಹೇಳಿಕೊಳ್ಳಲು ದಾರಿ ಸಿಕ್ಕರೆ ಎಷ್ಟೋ ಜನಕ್ಕೆ ಭಾರ ಇಳಿಯುತ್ತದೆ. ಕೊನೆಗೆ ಕೇಳಿದೆ. 'ಸಾಯಬೇಕು ಅನ್ನಿಸ್ತಿದೆಯಾ?'

ತುಂಬ ಹೊತ್ತು ಸುಮ್ಮನಿದ್ದ. ಹವಾಲ್ದಾರರು ಚಹಾ ತಂದಿಟ್ಟು ಹೊರಗೆ ಹೋದರು. 'ಹೌದ್ರಿ' ಅಂದ.

ಆಮೇಲೆ ನಿಲ್ಲಿಸಲೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಹೊಲದ ಜಗಳ. ಕೊರೆಸಿದ ಎರಡು ಬೋರಿನಲ್ಲೂ ನೀರಿಲ್ಲ, ಸಾಲ ಉಳಿದಿದೆ. ಹೆಂಡತಿ ತವರಿಗೆ ಹೋಗಿದ್ದಾಳೆ. ರಜೆಯ ಬಹುಪಾಲು ದಿನ ತಹಶೀಲ್ದಾರ್ ಆಫೀಸಿಗೆ ಅಲೆದಿದ್ದಾನೆ. 'ನಾ ಇಲ್ಲಿ ಕಾವಲ ನಿಂತೀನ್ರಿ. ಅಲ್ಲಿ ನಮ್ಮ ಹೊಲದಾಗ ಬ್ಯಾರೆಯವ್ರು ಬಿತ್ತಾಕತ್ತಾರ. ನಾ ಇದ್ದೂ ಮನಿಗೆ ಉಪಯೋಗಿಲ್ರಿ ಸರ್.'

ಫಾರಂನಲ್ಲಿ ಯಾಕೆ ಬರೆಯಲಿಲ್ಲ ಅಂತ ಕೇಳಿದೆ. 'ಬಾಜೂಕ ಕುಂತಾವ ನೋಡ್ತಿದ್ದನಲ್ರಿ. ಹಿಂದಿ ಪೂರಾ ತಿಳೀಲಿಲ್ಲ. ಮತ್ತ ಆ ಲ್ಯಾನ್ಸ್ ನಾಯಕ್ ಉಸ್ತಾದ್‌ಗೆ ಏನಾತು ಅಂತ ಎಲ್ಲಾರಿಗೂ ಗೊತ್ತೈತ್ರಿ.'

ಆ ರಾತ್ರಿ ಅವನು ಎಂಐ ರೂಮಿನಲ್ಲೇ ಮಲಗಿದ. ಪಕ್ಕದ ಮಂಚದಲ್ಲಿ ಹವಾಲ್ದಾರರು, ಕುರ್ಚಿಯಲ್ಲಿ ನಾನು. ಬೆಳಿಗ್ಗೆ ಸಿಒ ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಲ್ಯಾನ್ಸ್ ನಾಯಕನ ವಿಷಯದಲ್ಲಿ ನಾನು ಮಾಡಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ಫಾರಂ-10 ಅನ್ನು ಕ್ಲರ್ಕಿಗೆ ಕೊಡದೆ ತಾವೇ ಕೈಯಲ್ಲಿ ಬರೆದರು. ರೋಲ್ ಕಾಲ್‌ನಲ್ಲಿ ಹೆಸರು ಬರಬಾರದು ಅಂತ ಸುಬೇದಾರ್ ಮೇಜರ್ ಸಾಬ್‌ಗೆ ತಿಳಿಸಿದರು. ಜಮೀನಿನ ವಿಷಯಕ್ಕೆ ಜಿಲ್ಲಾಧಿಕಾರಿಗೆ ಡಿಒ (ಅರೆ ಸರ್ಕಾರಿ) ಪತ್ರ ಹೋಯಿತು. ಆಸ್ಪತ್ರೆಗೆ ಎಸ್ಕಾರ್ಟ್ ಜೊತೆ ನಾನೂ ಹೋದೆ. ಅವನು ಹುಷಾರಾದ. ಔಷಧಿಯ ಜೊತೆಗೆ ಹೊಲದ ಕಾಗದ ಸರಿಹೋದದ್ದೂ ಅದಕ್ಕೆ ಕಾರಣ ಅಂತ ನನಗನ್ನಿಸುತ್ತದೆ.

ಅಲ್ಲಿನ ಸೈಕಿಯಾಟ್ರಿಸ್ಟ್ ಮೇಡಂ ನನಗೊಂದು ಮಾತು ಹೇಳಿದರು. ಈ ಫಾರಂ ಕೇಳುವುದು ಕಳೆದ ಎರಡು ವಾರದ ಕತೆ. ರಜೆಯಿಂದ ಬಂದ ದಿನವೇ ಕೇಳಿದರೆ, ಬಂದ ಮೇಲೆ ಊರಿನಿಂದ ಬರುವ ಫೋನು ಅದರಲ್ಲಿ ಎಲ್ಲಿಂದ ಬರಬೇಕು? ಮತ್ತೆ ಕೇಳಬೇಕು. ಹತ್ತು ದಿನ ಬಿಟ್ಟು ಕೇಳಬೇಕು.

ಬೆಂಚು ತೆಗೆಸಿದೆ. ದಿನಕ್ಕೆ ಐದೇ ಜನ, ಒಬ್ಬೊಬ್ಬರೇ, ಬಾಗಿಲು ಹಾಕಿ. ಮರಾಠಿಯವರಿಗೆ ಮರಾಠಿ ಬರುವವರು, ಮಲಯಾಳಿಗಳಿಗೆ ಹವಾಲ್ದಾರರು. ಮೊದಲು ತೂಕ, ನಿದ್ದೆ, ಮನೆ, ಸಾಲ. ಫಾರಂ ಕೊನೆಗೆ. ಹೇಳಿದರೆ ಮುಂದೆ ಏನಾಗುತ್ತದೆ, ಏನಾಗುವುದಿಲ್ಲ ಅಂತ ಮುಂಚೆಯೇ ನೇರವಾಗಿ ತಿಳಿಸುತ್ತಿದ್ದೆ. ರಿಟರ್ನು ತಡವಾಯಿತು. ಮೇಲಿನಿಂದ ಎರಡು ಸಲ ರಿಮೈಂಡರ್ ಬಂತು. ಬರಲಿ ಅಂದುಕೊಂಡೆ. ಹೀಗೆ ಕೇಳಲು ಶುರು ಮಾಡಿದ ಮೇಲೆ ಸೊನ್ನೆಗಳು ಕಮ್ಮಿಯಾದವು. ಪಾಸಿಟಿವ್ ಏಕೆ ಏರಿತು ಅಂತ ವಿವರಣೆ ಕೇಳಿದರು. ಅದಕ್ಕೂ ಉತ್ತರ ಬರೆದೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಇರಾಕ್‌ನಿಂದ ವಾಪಸಾದ ಅಮೆರಿಕದ ಸೈನಿಕರ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಾಮೂಲಿ ಸ್ಕ್ರೀನಿಂಗ್‌ನಲ್ಲಿ ಹೆಸರು ಬರೆದು ಉತ್ತರಿಸುತ್ತಾರೆ. ಅದೇ ಜನರಲ್ಲಿ ಕೆಲವರಿಗೆ ಹೆಸರಿಲ್ಲದ ಫಾರಂ ಕೊಟ್ಟು ನೋಡಿದರು. ಖಿನ್ನತೆ, ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ), ಸಾಯುವ ಯೋಚನೆ ಇದೆ ಅಂದವರ ಪ್ರಮಾಣ 2ರಿಂದ 4 ಪಟ್ಟು ಜಾಸ್ತಿ ಬಂತು. ಇದನ್ನು ನಾನು ಓದಿದ್ದು ಆಮೇಲೆ. ಮುಂಚೆ ಓದಿದ್ದರೆ 'ನಿಲ್' ಅಂತ ಬರೆಯುವಾಗ ಕೈ ತಡೆಯುತ್ತಿತ್ತೋ ಏನೋ.

2022ರ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, ಹಿಂದಿನ ಐದು ವರ್ಷದಲ್ಲಿ ಮೂರೂ ಪಡೆ ಸೇರಿ 819 ಜನ ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಭೂಸೇನೆಯಲ್ಲೇ 642. ಪೇಪರಿನಲ್ಲಿ ಆ ಸಂಖ್ಯೆ ಓದಿದ ದಿನ ನನಗೆ ಊಟ ಸೇರಲಿಲ್ಲ. ಅವರಲ್ಲಿ ಎಷ್ಟು ಜನ ಯಾವುದೋ ಬೆಂಚಿನ ಮೇಲೆ ಕೂತು ಸೊನ್ನೆ ಬರೆದಿದ್ದರೋ.

ಈಗ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416. ನಮ್ಮ ನಿಮ್ಹಾನ್ಸ್ ಜೊತೆ ಸೇರಿ 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಸೈನಿಕರಿಗೆ ಮತ್ತು ಅವರ ಮನೆಯವರಿಗೆ ಅಂತಲೇ ಪುಣೆಯ ಎಎಫ್‌ಎಂಸಿಯಲ್ಲಿ (ಸೇನೆಯ ಮೆಡಿಕಲ್ ಕಾಲೇಜು) 2023ರ ಡಿಸೆಂಬರ್‌ನಲ್ಲಿ ಒಂದು ಘಟಕ ತೆರೆದರು. ನನ್ನ ಕಾಲದಲ್ಲಿ ಇದಿರಲಿಲ್ಲ. ನಿಮ್ಮ ಮನೆಯವರು ಯಾರಾದರೂ ಸರ್ವೀಸಿನಲ್ಲಿದ್ದರೆ ನಂಬರ್ ಕೊಟ್ಟಿರಿ. ರಜೆ ಮುಗಿಸಿ ಹೊರಟವನು ತನ್ನ ಸಾಮಾನು ಹಂಚುತ್ತಿದ್ದರೆ, ಊಟ ಬಿಟ್ಟಿದ್ದರೆ, ಅವನ ಯೂನಿಟ್ಟಿಗೂ ಫೋನ್ ಮಾಡಿ. ಮರ್ಯಾದೆ ಹೋಗುತ್ತದೆ ಅಂತ ಕಾಯಬೇಡಿ.

ಆ ಲ್ಯಾನ್ಸ್ ನಾಯಕನಿಗೆ ಆ ವರ್ಷ ಕೇಡರ್ ಸಿಗಲಿಲ್ಲ. ನನ್ನ ಕೈಲಿ ಅದನ್ನು ಸರಿಮಾಡಲು ಆಗಲಿಲ್ಲ. ಒಂದು ದಿನ ರಿವ್ಯೂ ಕಾಗದಕ್ಕೆ ಸಹಿ ಮಾಡಿಸಲು ಬಂದ. ಅವತ್ತು ನಿನ್ನ ಜೊತೆ ಕೂತು ಮಾತಾಡಬೇಕಿತ್ತು, ಆಡಲಿಲ್ಲ, ತಪ್ಪಾಯಿತು ಅಂದೆ. ಅವನು 'ಸಾವಧಾನ್' ಭಂಗಿಯಲ್ಲೇ ನೆಟ್ಟಗೆ ನಿಂತಿದ್ದ. 'ಸಬ್ ಠೀಕ್ ಹೈ, ಸಾಬ್' ಅಂದ.

ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಅವರನ್ನು ಮಧ್ಯಾಹ್ನ ಬರಲು ಹೇಳಿ ಅಂತ ಹವಾಲ್ದಾರರಿಗೆ ಹೇಳಿ, ಬಾಗಿಲು ಹಾಕಿಕೊಂಡೆ.