ರಸ್ಟ್ ಉಳಿಯುತ್ತಾ?

ರಾತ್ರಿ ಹನ್ನೊಂದಾಯ್ತು, ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್ (ನಾವು ಬರೆದ ಕೋಡನ್ನು ಕಂಪ್ಯೂಟರ್‌ಗೆ ಅರ್ಥವಾಗೋ ಹಾಗೆ ಬದಲಿಸೋ ತಂತ್ರಾಂಶ) ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಇಷ್ಟು ಒದ್ದಾಡಿ ಕಲಿತದ್ದು ಇನ್ನು ಇಪ್ಪತ್ತು ವರ್ಷ ಬಾಳುತ್ತಾ ಅಂತ ಮಧ್ಯೆ ಒಂದು ಅನುಮಾನ. 2009ರಲ್ಲಿ ಬಂದ ಕಾಫಿಸ್ಕ್ರಿಪ್ಟ್ ಅನ್ನೋ ಭಾಷೆಯನ್ನೂ (ಅದರಲ್ಲಿ ಬರೆದದ್ದು ವೆಬ್ ಭಾಷೆ ಜಾವಾಸ್ಕ್ರಿಪ್ಟ್ ಆಗಿ ಬದಲಾಗುತ್ತೆ) ಹೀಗೇ ಆಸೆಪಟ್ಟು ಕಲಿತಿದ್ದೆ. ಅದರ ಬಾಣದ ಗುರುತಿನ ಫಂಕ್ಷನ್, ಕ್ಲಾಸ್ ಥರದ ಸೌಲಭ್ಯಗಳೆಲ್ಲ 2015ರಲ್ಲಿ ಜಾವಾಸ್ಕ್ರಿಪ್ಟ್‌ಗೇ ಬಂದುಬಿಟ್ಟವು. ಆಮೇಲೆ ಅದನ್ನು ಕೇಳೋರೇ ಕಮ್ಮಿ.

ಅತ್ತ 1959ರಲ್ಲಿ ಹುಟ್ಟಿದ ಕೋಬಾಲ್ ಭಾಷೆ ಇವತ್ತಿಗೂ ಎಷ್ಟೋ ಬ್ಯಾಂಕುಗಳ ಲೆಕ್ಕ ನೋಡ್ಕೊಳ್ತಿದೆ. ಚೆಂದ ಇದೆ ಅಂತಲ್ಲ (ಖಂಡಿತ ಅಲ್ಲ!), ಅಷ್ಟೊಂದು ಹಳೇ ಕೋಡನ್ನು ಕಿತ್ತು ಹೊಸದಾಗಿ ಬರೆಯೋ ಧೈರ್ಯ ಯಾರಿಗಿದೆ?

ರಸ್ಟ್ 2022ರ ಕೊನೆಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ 6.1ನೇ ಆವೃತ್ತಿಯೊಳಗೆ ಕಾಲಿಟ್ಟಿತು. ಅಲ್ಲಿ ಬೇರು ಬಿಟ್ಟರೆ ಕೀಳೋದು ಕಷ್ಟ. ಸದ್ಯಕ್ಕಂತೂ ನನ್ನ ಸ್ಕ್ರೀನ್ ಮೇಲಿರೋ ‘ಬಾರೋ ಚೆಕರ್’ (ಮೆಮೊರಿ ಬಳಕೆಯ ತಪ್ಪು ಹಿಡಿಯೋ ರಸ್ಟ್ ಕಂಪೈಲರ್‌ನ ಭಾಗ) ಎರರ್ರೇ ಚಿರಂಜೀವಿ.